ಗಿಜಿಗುಡುವ ಊರಿನಲ್ಲಿ ಮಕ್ಕಳ ಮನಸ್ಸಿಗೂ ಒಂದಿಷ್ಟು ಜಾಗ

‘ತುಂಬಾ ಟೆನ್ಷನ್ ಕಣ್ರೀ’ ಎನ್ನುವ ಮಾತು ಒಂದು ಕಾಲಕ್ಕೆ ಆಫೀಸಿಗೆ ಹೋಗುವ ದೊಡ್ಡವರ ಬಾಯಲ್ಲಿ ಮಾತ್ರ ಕೇಳಿಬರುತ್ತಿತ್ತು. ಈಗ ಹಾಗಲ್ಲ. ಏಳನೇ ತರಗತಿಯ ಹುಡುಗಿಗೂ ಟೆನ್ಷನ್, ಪಿಯುಸಿ ಓದುವ ಅವಳ ಅಣ್ಣನಿಗೂ ಟೆನ್ಷನ್, ಅವನನ್ನು ಟ್ಯೂಷನ್ನಿಗೆ ಬಿಟ್ಟು, ಬರುವ ದಾರಿಯಲ್ಲಿ ತರಕಾರಿ ಕೊಂಡು, ಮನೆಗೆ ಬಂದು ಕುಕ್ಕರ್ ಇಡಬೇಕಾದ ತಾಯಿಗೂ ಟೆನ್ಷನ್. ಅದೂ ಎಲ್ಲಿ? ಪಿಂಚಣಿದಾರರ ಸ್ವರ್ಗ ಎಂದು ಹೆಸರು ಪಡೆದಿದ್ದ, ಸಾವಧಾನಕ್ಕೆ ಇನ್ನೊಂದು ಹೆಸರೇ ಆಗಿದ್ದ ನಮ್ಮ ಮೈಸೂರಿನಲ್ಲಿ!

ಮಕ್ಕಳ ಒತ್ತಡದ ಮಾತು ಬಂದಾಗಲೆಲ್ಲ ನಾವು ಪರೀಕ್ಷೆಯನ್ನು, ಅಂಕವನ್ನು ದೂರುತ್ತೇವೆ. ಅದು ಸುಳ್ಳಲ್ಲ. ಆದರೆ ಪರೀಕ್ಷೆ ವರ್ಷಕ್ಕೆ ಕೆಲವು ದಿನದ್ದು. ದಿನವೂ ಬರುವ ಬಸ್ಸಿನ ನೂಕುನುಗ್ಗಲು, ಹಾರ್ನ್‌ಗಳ ಕಿರುಚಾಟ, ಗೋಡೆಯಾಚೆಯ ಟಿ.ವಿ., ರಾತ್ರಿಯ ಧ್ವನಿವರ್ಧಕ, ಅರ್ಧಕ್ಕೆ ನಿಂತ ನಿದ್ದೆ, ಇವುಗಳ ಲೆಕ್ಕ ಇಟ್ಟವರು ಯಾರು? ಮನೆಗೆ ಬಂದೊಡನೆ ಚೀಲ ಎಸೆದು, ಕೇಳಿದ್ದಕ್ಕೆಲ್ಲ ಸಿಡುಕುವ ಮಗನನ್ನು ‘ಸೊಕ್ಕು ಜಾಸ್ತಿಯಾಗಿದೆ’ ಎಂದು ಗದರುವ ಮುನ್ನ ಈ ಲೆಕ್ಕವನ್ನೊಮ್ಮೆ ನೋಡುವುದು ಒಳ್ಳೆಯದು.

ಊರು ಬೆಳೆದ ಬಗೆ

1901ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 68,111. 2011ರ ಜನಗಣತಿಯ ವೇಳೆಗೆ ಅದು ಸುಮಾರು 9 ಲಕ್ಷ. ಅಂದರೆ ನೂರ ಹತ್ತು ವರ್ಷಗಳಲ್ಲಿ ಹದಿಮೂರು ಪಟ್ಟು. ಅಲ್ಲಿಂದೀಚೆಗೆ ಹೊರವರ್ತುಲ ರಸ್ತೆಯ ಆಚೆಗೂ ಬಡಾವಣೆಗಳು ಎದ್ದಿವೆ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಎರಡು ಊರುಗಳ ನಡುವಿನ ದೂರವೇ ಕುಗ್ಗಿದಂತಾಗಿದೆ.

ಹಾಗೆಂದು ಇಕ್ಕಟ್ಟು ಈ ಊರಿಗೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಟೆಯೊಳಗೂ ಸುತ್ತಲಿನ ಕೇರಿಗಳಲ್ಲೂ ಜನ ಒತ್ತೊತ್ತಾಗಿ ಬದುಕುತ್ತಿದ್ದರು. ಆಗಲೇ ಪ್ಲೇಗ್ ಬಂತು. ಆ ಪೆಟ್ಟಿನಿಂದ ಪಾಠ ಕಲಿತ ಮೈಸೂರು ಸಂಸ್ಥಾನ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ಸ್ಥಾಪಿಸಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂಗಳಂಥ ಬಡಾವಣೆಗಳಲ್ಲಿ ನೇರ ರಸ್ತೆ, ಮನೆಗಳ ಹಿಂದೊಂದು ಕನ್ಸರ್ವೆನ್ಸಿ ಗಲ್ಲಿ, ಅಲ್ಲಲ್ಲಿ ಉದ್ಯಾನ ಕಾಣಿಸಿಕೊಂಡವು. ಗಾಳಿ, ಬೆಳಕು, ಜಾಗ ಇವು ಆರೋಗ್ಯದ ವಿಷಯ, ಬರೀ ಅಂದಚೆಂದದ ವಿಷಯವಲ್ಲ ಎಂಬುದು ಅಂದಿನವರಿಗೆ ಅರ್ಥವಾಗಿತ್ತು. ಅವರು ಹೆದರಿದ್ದು ಇಲಿ, ಚಿಗಟಗಳಿಗೆ. ಇಂದು ನಮ್ಮನ್ನು ಕಾಡುವ ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ಎಂಟೂವರೆಗೆ ಕೆ.ಆರ್. ವೃತ್ತದ ಬಳಿಯ ನಗರ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಕುವೆಂಪುನಗರ, ಬೋಗಾದಿ, ಹೆಬ್ಬಾಳುಗಳಿಂದ ಬಂದ ಬಸ್ಸುಗಳಿಂದ ಇಳಿಯುವ ಮಕ್ಕಳು, ಬೇರೆ ಬಸ್ಸಿಗೆ ಓಡುವ ಮಕ್ಕಳು. ನಂಜನಗೂಡಿನಿಂದ, ಶ್ರೀರಂಗಪಟ್ಟಣದಿಂದ, ತಿ. ನರಸೀಪುರದಿಂದ ಬೆಳಗಿನ ಜಾವವೇ ಹೊರಟು ಬಂದವರು ಇನ್ನೂ ಎಷ್ಟೋ ಮಂದಿ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು. ಓದು ಬಿಡುವ ಅಂಚಿನಲ್ಲಿದ್ದವರಿಗೆ ಅದು ದೊಡ್ಡ ಆಸರೆ. ಜೊತೆಗೇ ಬಸ್ಸಿನೊಳಗೆ ಕಾಲಿಡಲು ಜಾಗ ಕಡಿಮೆಯಾದದ್ದೂ ನಿಜ. ದಸರೆಯ ದಿನಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳು ಏಕಮುಖವಾದಾಗ ದಿನನಿತ್ಯದ ಅರ್ಧ ಗಂಟೆಯ ದಾರಿ ಒಂದು ಗಂಟೆಗೆ ಏರುವುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಮೈಯೊಳಗೆ ಆಗುವುದೇನು?

ಎದುರಿಗೆ ಹುಲಿ ಬಂದರೆ ಮನುಷ್ಯ ಓಡಬೇಕು, ಇಲ್ಲವೇ ಹೋರಾಡಬೇಕು. ಆ ಕ್ಷಣದಲ್ಲಿ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು ವಿವರಿಸಿದ್ದು ಕಳೆದ ಶತಮಾನದ ಆರಂಭದಲ್ಲಿ. ಮುಂದೆ 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ, ಪೀಡೆ ಯಾವುದೇ ಇರಲಿ, ಅದು ಬಹುಕಾಲ ಮುಂದುವರಿದರೆ ದೇಹ ಒಂದೇ ಬಗೆಯಲ್ಲಿ ಸ್ಪಂದಿಸಿ ಕೊನೆಗೆ ಬಳಲುತ್ತದೆ ಎಂದು ತೋರಿಸಿದರು. ‘ಸ್ಟ್ರೆಸ್’ ಎಂಬ ಪದ ವೈದ್ಯಕೀಯದಲ್ಲಿ ನೆಲೆಯೂರಿದ್ದು ಹೀಗೆ.

ತೊಂದರೆ ಏನೆಂದರೆ, ನಮ್ಮ ದೇಹಕ್ಕೆ ಹುಲಿಯೂ ಒಂದೇ, ಹಿಂದಿನಿಂದ ಹಾರ್ನ್ ಬಾರಿಸುವ ಬೈಕೂ ಒಂದೇ. ಹುಲಿ ಬಂದಾಗ ಓಡಿ ಬೆವರು ಹರಿಸಿದರೆ ಆ ರಸ ಕೆಲಸ ಮುಗಿಸಿ ಇಳಿಯುತ್ತದೆ. ಬಸ್ಸಿನಲ್ಲಿ ಯಾರದೋ ಮೊಣಕೈ ತಿವಿಯುತ್ತಿರುವಾಗ ಓಡುವುದೆಲ್ಲಿಗೆ, ಹೋರಾಡುವುದು ಯಾರೊಡನೆ? ಮಗು ಹಲ್ಲು ಕಚ್ಚಿ ನಿಲ್ಲುತ್ತದೆ. ಒಳಗಿನ ಬಿಗಿ ಹಾಗೆಯೇ ಉಳಿದು, ಸಂಜೆ ಮನೆಯಲ್ಲಿ ತಂಗಿಯ ಮೇಲೆ ಹೊರಬೀಳುತ್ತದೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಒತ್ತಡವೆಲ್ಲ ಕೆಟ್ಟದ್ದಲ್ಲ ಎಂಬುದನ್ನೂ ಹೇಳಬೇಕು. ವೀಣೆಯ ತಂತಿಗೆ ಬಿಗಿ ಬೇಕು, ಇಲ್ಲದಿದ್ದರೆ ಸ್ವರವೇ ಹೊರಡದು. ಪರೀಕ್ಷೆಯ ಹಿಂದಿನ ದಿನದ ಸಣ್ಣ ಕಳವಳ ಓದಿಸುತ್ತದೆ. ಆದರೆ ತಂತಿಯನ್ನು ಸಡಿಲಿಸದೆ ದಿನವೂ ಒಂದೊಂದು ಸುತ್ತು ಬಿಗಿಯುತ್ತ ಹೋದರೆ?

ಅಮೆರಿಕದ ಬರ್ಕ್ಲಿಯಲ್ಲಿ ಮನೋವಿಜ್ಞಾನಿ ರಿಚರ್ಡ್ ಲಾಜರಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಸಾವು, ಕಾಯಿಲೆ, ಕೆಲಸ ಕಳೆದುಕೊಳ್ಳುವಂಥ ದೊಡ್ಡ ಘಟನೆಗಳಿಗಿಂತಲೂ ದಿನನಿತ್ಯದ ಚಿಕ್ಕಪುಟ್ಟ ಕಿರಿಕಿರಿಗಳಿಗೇ ಜನರ ಮಾನಸಿಕ ತೊಂದರೆಗಳೊಡನೆ ಹೆಚ್ಚು ಹತ್ತಿರದ ಸಂಬಂಧ ಕಂಡುಬಂತು. ಹನಿ ಹನಿಗೂಡಿದರೆ ಹಳ್ಳ ಎಂಬುದು ಒಳ್ಳೆಯದಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ.

ಸದ್ದು ಕದಿಯುವ ಪಾಠ

ನಗರದ ಪೀಡೆಗಳಲ್ಲಿ ಮಕ್ಕಳ ಓದಿಗೆ ನೇರವಾಗಿ ಕೈಹಾಕುವುದು ಸದ್ದು. ನ್ಯೂಯಾರ್ಕ್ ನಗರದ ಒಂದು ಶಾಲೆಯ ಕತೆ ಇಲ್ಲಿ ನೆನೆಯತಕ್ಕದ್ದು. ಆ ಶಾಲೆಯ ಒಂದು ಪಕ್ಕದಲ್ಲೇ ಎತ್ತರದ ಕಂಬಗಳ ಮೇಲೆ ರೈಲು ಹಾದುಹೋಗುತ್ತಿತ್ತು. ಪ್ರತಿ ಸಲವೂ ಉಪಾಧ್ಯಾಯರು ಪಾಠ ನಿಲ್ಲಿಸಿ ಕಾಯಬೇಕಿತ್ತು. ಮನೋವಿಜ್ಞಾನಿ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ರೈಲಿನ ಕಡೆಯ ಕೊಠಡಿಗಳಲ್ಲಿ ಕಲಿತವರು ಆಚೆ ಬದಿಯ ಶಾಂತ ಕೊಠಡಿಗಳಲ್ಲಿ ಕಲಿತವರಿಗಿಂತ ಓದಿನಲ್ಲಿ ಹಿಂದೆ ಬಿದ್ದಿದ್ದರು. ಆರನೇ ತರಗತಿಯ ಹೊತ್ತಿಗೆ ಈ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು! ಬಳಿಕ ಹಳಿಗಳಿಗೆ ರಬ್ಬರ್ ಮೆತ್ತೆ ಹಾಕಿದರು, ಕೊಠಡಿಗಳ ಮಾಳಿಗೆಗೆ ಸದ್ದು ಹೀರುವ ಹಲಗೆ ಕೂಡಿಸಿದರು. 1981ರಲ್ಲಿ ಮತ್ತೆ ನೋಡಿದಾಗ ಎರಡೂ ಬದಿಯ ಮಕ್ಕಳ ಓದು ಸರಿಸಮವಾಗಿತ್ತು. ಅಲ್ಲಿಯವರೆಗೆ ‘ದಡ್ಡರು’ ಎನಿಸಿಕೊಂಡ ಆ ಮಕ್ಕಳ ತಪ್ಪೇನು ಹೇಳಿ?

ನಮ್ಮಲ್ಲಿ ಇದಕ್ಕೆ ಕಾನೂನು ಇಲ್ಲದಿಲ್ಲ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಸದ್ದಿನ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಸಾರಬಹುದು. ಅಲ್ಲಿನ ಮಿತಿ ಹಗಲು 50, ರಾತ್ರಿ 40. ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಇಬ್ಬರು ಸಮಾಧಾನವಾಗಿ ಮಾತಾಡುವ ಸದ್ದೇ ಸುಮಾರು 60 ಡೆಸಿಬೆಲ್ ಎಂದರೆ ಈ ಮಿತಿ ಎಷ್ಟು ತಗ್ಗಿನದೆಂದು ತಿಳಿದೀತು. ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತವರಿಗೆ ಈ ಅಂಕಿಗಳು ಬೇರೊಂದು ದೇಶದವು ಎನ್ನಿಸಿದರೆ ಆಶ್ಚರ್ಯವಿಲ್ಲ.

ಕೈಯಲ್ಲಿರುವ ಗುಂಡಿ

ಹಾಗಾದರೆ ಊರನ್ನೇ ಬಿಟ್ಟು ಹೋಗಬೇಕೆ? ಅದು ಆಗುವ ಮಾತಲ್ಲ. ಸಮಾಧಾನದ ಸಂಗತಿಯೆಂದರೆ, ಜನಸಂದಣಿ ಮತ್ತು ಸದ್ದು ನಮ್ಮನ್ನು ಎಷ್ಟು ಹಣಿಯುತ್ತವೆ ಎಂಬುದು ಅವುಗಳ ಪ್ರಮಾಣವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಅವುಗಳ ಮೇಲೆ ನಮಗೆ ಸ್ವಲ್ಪವಾದರೂ ಹಿಡಿತವಿದೆಯೇ ಎಂಬುದರ ಮೇಲೂ ನಿಂತಿದೆ.

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಇಬ್ಬರು ಅಮೆರಿಕನ್ ಮನೋವಿಜ್ಞಾನಿಗಳು ನಗರದ ಒತ್ತಡದ ಬಗ್ಗೆ ನಡೆಸಿದ ಪ್ರಯೋಗಗಳನ್ನು 1972ರಲ್ಲಿ ಪುಸ್ತಕವಾಗಿ ತಂದರು. ಕೆಲಸ ಮಾಡುತ್ತಿದ್ದವರಿಗೆ ಅವರು ಆಗಾಗ ಕರ್ಕಶ ಸದ್ದು ಕೇಳಿಸಿದರು. ಒಂದು ಗುಂಪಿನವರ ಕೈಗೆ ಮಾತ್ರ ಒಂದು ಗುಂಡಿ ಕೊಟ್ಟು, ‘ತೀರಾ ತಡೆಯಲಾಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ’ ಎಂದರು. ಆಮೇಲೆ ಕೊಟ್ಟ ಕೆಲಸಗಳಲ್ಲಿ ಗುಂಡಿ ಇದ್ದವರು ಹೆಚ್ಚು ತಾಳ್ಮೆ ತೋರಿದರು, ಕಡಿಮೆ ತಪ್ಪು ಮಾಡಿದರು. ಸ್ವಾರಸ್ಯವೆಂದರೆ ಅವರಲ್ಲಿ ಬಹುತೇಕ ಮಂದಿ ಆ ಗುಂಡಿಯನ್ನು ಒತ್ತಿಯೇ ಇರಲಿಲ್ಲ. ಬೇಕಾದರೆ ನಿಲ್ಲಿಸಬಹುದು ಎಂಬ ನಂಬಿಕೆಯೇ ಸಾಕಾಗಿತ್ತು.

ಅದೇ ದಶಕದಲ್ಲಿ ಸ್ವೀಡನ್ನಿನಲ್ಲಿ ನಡೆದ ಅಧ್ಯಯನವೊಂದು ನಮ್ಮ ಬಸ್ ಪ್ರಯಾಣಿಕರಿಗೂ ಹತ್ತಿರವಾದದ್ದು. ಸ್ಟಾಕ್‌ಹೋಮ್‌ಗೆ ಕೆಲಸಕ್ಕೆ ಹೋಗುವ ರೈಲು ಪ್ರಯಾಣಿಕರ ಮೂತ್ರದಲ್ಲಿ ಅಡ್ರಿನಲಿನ್ ಎಷ್ಟಿದೆ ಎಂದು ಸಂಶೋಧಕರು ಅಳೆದರು. ಮೊದಲ ನಿಲ್ದಾಣದಲ್ಲಿ ಹತ್ತಿದವರದು ದೂರದ ಪ್ರಯಾಣ. ನಡುವೆ ಹತ್ತಿದವರದು ಕಡಿಮೆ ಹೊತ್ತಿನದು. ಆದರೂ ಹೆಚ್ಚು ಒತ್ತಡ ಕಂಡದ್ದು ನಡುವೆ ಹತ್ತಿದವರಲ್ಲಿ! ಮೊದಲೇ ಹತ್ತಿದವರು ತಮಗೆ ಬೇಕಾದ ಜಾಗ ಆರಿಸಿ, ಚೀಲ ಇಟ್ಟು, ಗೆಳೆಯನ ಪಕ್ಕ ಕೂತಿದ್ದರು. ಉಳಿದವರು ಸಿಕ್ಕ ಜಾಗಕ್ಕೆ ತೃಪ್ತಿಪಡಬೇಕಿತ್ತು.

ಇದರ ಸಾರ ಇಷ್ಟೇ: ಮಗುವಿನ ದಿನದಿಂದ ಗದ್ದಲವನ್ನೆಲ್ಲ ತೆಗೆದುಹಾಕಲು ತಂದೆತಾಯಿಗೆ ಸಾಧ್ಯವಿಲ್ಲ. ಆದರೆ ಅದರ ಕೈಗೆ ಒಂದು ಗುಂಡಿ ಕೊಡಲು ಖಂಡಿತ ಸಾಧ್ಯ.

ದಿನವೂ ಹಿಂಡುವ ಎಂಟೂವರೆಯ ಬಸ್ಸಿನ ಬದಲು ಎಂಟರ ಬಸ್ಸು ಹಿಡಿದರೆ ಕೂರಲು ಜಾಗ ಸಿಕ್ಕೀತೇ? ಒಂದು ನಿಲ್ದಾಣ ಹಿಂದಕ್ಕೆ ನಡೆದು ಬಸ್ಸು ಹೊರಡುವಲ್ಲೇ ಹತ್ತಬಹುದೇ? ದಾರಿ ಸುರಕ್ಷಿತವಾಗಿದ್ದರೆ ಸೈಕಲ್ಲಿನಲ್ಲಿ ಹೋಗಬಹುದೇ? ಇದನ್ನು ಮಗಳೊಡನೆ ಕೂತು ಮಾತಾಡಿ, ತೀರ್ಮಾನ ಅವಳದಾಗಲಿ. ಟ್ಯೂಷನ್ ಸೇರಿಸುವಾಗ ಹೆಸರುವಾಸಿಯಾದದ್ದು ಯಾವುದು ಎಂಬುದರ ಜೊತೆಗೆ ಮನೆಗೆ ಹತ್ತಿರವಾದದ್ದು ಯಾವುದು ಎಂದೂ ಕೇಳಿ. ಬೆಳಿಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು, ಊರಿನ ಎರಡು ಮೂಲೆಗಳಲ್ಲಿ ಎರಡು ಟ್ಯೂಷನ್ ಎಂದಾದರೆ ಮಗು ಕಲಿಯುವುದಕ್ಕಿಂತ ಓಡಾಡುವುದೇ ಹೆಚ್ಚಾದೀತು.

ಲೆಕ್ಕ ಹಾಕಿ ನೋಡೋಣ. ಶಾಲೆ ಏಳು ಗಂಟೆ, ಹೋಗಿಬರುವ ದಾರಿ ಒಂದೂವರೆ ಗಂಟೆ, ಟ್ಯೂಷನ್ ಎರಡು, ಅದರ ದಾರಿ ಒಂದು, ಮನೆಪಾಠ ಎರಡೂವರೆ, ಸ್ನಾನ ಊಟ ತಿಂಡಿ ಎರಡು. ಒಟ್ಟು ಹದಿನಾರು ಗಂಟೆ. ಉಳಿದದ್ದು ಎಂಟು. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಆಟಕ್ಕೆ, ಹರಟೆಗೆ, ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರುವುದಕ್ಕೆ ಸಮಯವೆಲ್ಲಿ? ಅವೆಲ್ಲ ನಿದ್ದೆಯಿಂದಲೇ ಕಡಿತವಾಗಬೇಕು. ಮೊಬೈಲು ಕೈಗೆ ಬಂದ ರಾತ್ರಿಯಂತೂ ಹೇಳುವುದೇ ಬೇಡ.

ಮನೆ ಇನ್ನೊಂದು ಬಸ್ ನಿಲ್ದಾಣವಾಗದಿರಲಿ

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದಾರು ಜನರಿದ್ದರೆ ಮಗುವಿಗೊಂದು ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಕೋಣೆ ಬೇಡ, ಒಂದು ಮೂಲೆ ಸಾಕು. ಅಲ್ಲಿನ ಪುಸ್ತಕಗಳನ್ನು ಬೇರೆಯವರು ಎತ್ತಿಡಬಾರದು, ಅಲ್ಲಿ ಕೂತಾಗ ‘ಸ್ವಲ್ಪ ಅಂಗಡಿಗೆ ಹೋಗಿ ಬಾ’ ಎನ್ನಬಾರದು. ಸಂಜೆ ಒಂದು ಗಂಟೆ ಟಿ.ವಿ., ಮೊಬೈಲು ಎರಡೂ ಬಂದ್ ಎಂಬ ನಿಯಮ ಮಾಡಿದರೆ ಅದು ಅಪ್ಪ ಅಮ್ಮ ಅಜ್ಜಿಗೂ ಅನ್ವಯಿಸಲಿ. ಅಜ್ಜಿಯ ಧಾರಾವಾಹಿಯ ಹೊತ್ತು ನೋಡಿಕೊಂಡೇ ಆ ಗಂಟೆಯನ್ನು ಗೊತ್ತುಮಾಡಿದರೆ ಮನೆಯಲ್ಲಿ ಶಾಂತಿ ಉಳಿದೀತು.

ಇನ್ನು ಮನೆಯ ಹೊಸಿಲಲ್ಲಿ ಕೇಳುವ ಮೊದಲ ಮಾತು. ಮಗ ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ‘ಟೆಸ್ಟಲ್ಲಿ ಎಷ್ಟು ಬಂತೋ? ಆ ಎದುರುಮನೆ ಹುಡುಗನಿಗೆಷ್ಟು?’ ಎಂಬ ಪ್ರಶ್ನೆ ಎರಗುತ್ತದೆ. ಅದರ ಬದಲು ‘ಬಸ್ ರಶ್ ಇತ್ತೇನೋ ಮಗ? ಕೈಕಾಲು ತೊಳ್ಕೊಂಡು ಬಾ, ಅವಲಕ್ಕಿ ಕಲಸಿಟ್ಟಿದೀನಿ’ ಎಂದರೆ? ಅಂಕ ಎಲ್ಲಿಗೂ ಓಡಿಹೋಗುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅವನೇ ಹೇಳುತ್ತಾನೆ. ಮೈಯೊಳಗಿನ ಬಿಗಿ ಸಡಿಲಲು ಆ ಅರ್ಧ ಗಂಟೆ ಬೇಕು.

ಈ ಮಾತು ಹೇಳುವಾಗ ತಂದೆತಾಯಿಯರ ದಣಿವನ್ನು ಮರೆಯುವಂತಿಲ್ಲ. ನಂಜನಗೂಡಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ತಂದೆ, ಮಗಳನ್ನು ಸ್ಕೂಟರಿನಲ್ಲಿ ಬಿಟ್ಟು ಕರೆತಂದು ಸಾಕಾದ ತಾಯಿ, ಇವರ ಮೈಯಲ್ಲೂ ಅದೇ ರಸ ಹರಿಯುತ್ತಿರುತ್ತದೆ. ‘ಇವತ್ತು ನನಗೆ ತುಂಬಾ ಸುಸ್ತಾಗಿದೆ ಕಣಮ್ಮ, ಹತ್ತು ನಿಮಿಷ ಸುಮ್ಮನೆ ಕೂರ್ತೀನಿ’ ಎಂದು ದೊಡ್ಡವರು ಬಾಯಿಬಿಟ್ಟು ಹೇಳಿದರೆ ಅದು ಸೋಲಲ್ಲ. ದಣಿವನ್ನು ಕೂಗಾಟವಾಗಿಸದೆ ಮಾತಾಗಿಸುವುದು ಹೇಗೆಂದು ಮಕ್ಕಳು ಕಲಿಯುವುದು ಅಲ್ಲಿಯೇ.

ಊರು ಕೊಟ್ಟಿರುವ ಔಷಧ

ಬೇರೆ ಎಷ್ಟೋ ಊರುಗಳಿಗೆ ಇಲ್ಲದ ಭಾಗ್ಯವೊಂದು ಮೈಸೂರಿಗಿದೆ. ಕುವೆಂಪು ಅವರು ವಾಯುವಿಹಾರಕ್ಕೆ ಹೋಗುತ್ತಿದ್ದ ಕುಕ್ಕರಹಳ್ಳಿ ಕೆರೆಯ ಏರಿ, ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆ, ಚಾಮುಂಡಿಬೆಟ್ಟದ ಮೆಟ್ಟಿಲು, ಮಾನಸಗಂಗೋತ್ರಿಯ ಮರಗಳ ನೆರಳು, ಇವು ಇಂದಿಗೂ ಇವೆ. ಹಸಿರು ಮನಸ್ಸನ್ನು ತಣಿಸುತ್ತದೆ ಎಂಬುದು ಬರೀ ಕವಿಗಳ ಮಾತಲ್ಲ. ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದು ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ವರದಿ ಮಾಡಿದರು. ವಾರಕ್ಕೆರಡು ಸಂಜೆ ಮಕ್ಕಳೊಡನೆ ಕೆರೆಯ ಏರಿಯ ಮೇಲೆ ನಡೆದು ಬನ್ನಿ. ಒಂದೇ ಷರತ್ತು: ಆ ಹೊತ್ತಿನಲ್ಲಿ ನೀಟ್, ಸಿಇಟಿಗಳ ಮಾತು ಬೇಡ.

ವಿದ್ಯಾರ್ಥಿಗಳಿಗೂ ಒಂದು ಮಾತು. ಒಳಗೆ ಕೂಡಿಟ್ಟ ಬಿಗಿ ಹೊರಹೋಗಲು ಮೈ ಬೆವರಬೇಕು. ಬ್ಯಾಡ್ಮಿಂಟನ್ ಆಗಲಿ, ಗಲ್ಲಿ ಕ್ರಿಕೆಟ್ ಆಗಲಿ, ಅರ್ಧ ಗಂಟೆ ಆಡಿ. ಬಸ್ಸಿನಲ್ಲಿ ಸಿಕ್ಕಿಕೊಂಡಾಗ ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಹತ್ತು ಸಲ ಹೀಗೆ ಮಾಡಿದರೆ ಎದೆಬಡಿತ ತಗ್ಗುವುದು ನಿಮಗೇ ತಿಳಿಯುತ್ತದೆ. ಒಂದು ಪರೀಕ್ಷೆಯೇ ಬದುಕಿನ ಕೊನೆ ಎಂದೂ ಭಾವಿಸಬೇಡಿ. ಕರ್ನಾಟಕದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗಳಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು, ಬಂದುದರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ. ಅದೂ ನಿಮ್ಮ ಕೈಗೆ ಬಂದ ಒಂದು ಗುಂಡಿಯೇ.

ಯಾವಾಗ ವೈದ್ಯರ ಬಳಿ?

ಸಿಡುಕು, ದಣಿವು ರಜೆ ಬಂದಾಗ, ಚೆನ್ನಾಗಿ ನಿದ್ದೆಯಾದಾಗ ಕರಗುತ್ತಿದ್ದರೆ ಗಾಬರಿ ಬೇಡ. ಆದರೆ ಎರಡು ವಾರ ಕಳೆದರೂ ನಿದ್ದೆ, ಊಟ ಹಳಿಗೆ ಬರದಿದ್ದರೆ, ಇಷ್ಟದ ಆಟ, ಗೆಳೆಯರು ಬೇಡವೆನಿಸಿದರೆ, ಶಾಲೆಗೆ ಹೊರಡುವಾಗಲೆಲ್ಲ ತಲೆನೋವು, ಹೊಟ್ಟೆನೋವು ಬರುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ‘ನಾನಿಲ್ಲದಿದ್ದರೇ ಚೆನ್ನ’ ಎಂಬಂಥ ಮಾತು ಬಂದರಂತೂ ಒಂದು ದಿನವೂ ಕಾಯಬಾರದು, ಮಗುವನ್ನು ಒಂಟಿಯಾಗಿ ಬಿಡಬಾರದು. ನಮ್ಮ ಕೆ.ಆರ್. ಆಸ್ಪತ್ರೆಯಲ್ಲಿಯೇ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಖರ್ಚಿಲ್ಲದೆ ಮಾತನಾಡಬಹುದು. ಮನೋವೈದ್ಯರ ಬಳಿ ಹೋದರೆ ‘ಹುಚ್ಚು’ ಎಂಬ ಪಟ್ಟ ಬಂದೀತೆಂಬ ಅಳುಕನ್ನು ಇನ್ನಾದರೂ ಬಿಡೋಣ.

ಮನೆಯೊಳಗಿನ ಈ ಪ್ರಯತ್ನಗಳ ಜೊತೆಗೆ ಊರಿನ ಹೊಣೆಯೂ ಇದೆ. ಶಾಲೆಯ ಮುಂದೆ ಹಾರ್ನ್ ಬಾರಿಸುವ ವಾಹನಗಳಲ್ಲಿ ಎಷ್ಟೋ ನಮ್ಮವೇ, ಮಕ್ಕಳನ್ನು ಬಿಡಲು ಬಂದವು. ಅಲ್ಲಿಂದಲೇ ಶುರುಮಾಡಬಹುದು. ಪೋಷಕರ ಸಭೆಗಳಲ್ಲಿ ಅಂಕಪಟ್ಟಿಯ ಜೊತೆಗೆ ಬಸ್ಸಿನ ಸಮಯ, ನಿಶ್ಶಬ್ದ ವಲಯದ ಫಲಕ, ಆಟದ ಬಯಲಿನ ವಿಷಯವೂ ಬರಲಿ. ಹತ್ತು ಪೋಷಕರು ಒಟ್ಟಾಗಿ ಬರೆದುಕೊಟ್ಟ ಮನವಿಗೆ ಒಬ್ಬರ ಗೊಣಗಾಟಕ್ಕಿಲ್ಲದ ತೂಕವಿರುತ್ತದೆ. ನೂರು ವರ್ಷಗಳ ಹಿಂದೆ ಈ ಊರು ಕಾಯಿಲೆಗೆ ಹೆದರಿ ತನ್ನ ಬೀದಿಗಳನ್ನು ಅಗಲ ಮಾಡಿಕೊಂಡಿತು. ಈಗ ಮಕ್ಕಳ ದಿನಚರಿಯನ್ನು ಸ್ವಲ್ಪ ಅಗಲ ಮಾಡುವ ಸರದಿ ನಮ್ಮದು.